ಹಾದಿ ಬಸವಣ್ಣನ ಬ್ರೇಕು

"ಇಲ್ಲಿ ಇನ್ನೂ ಯಾರೂ ಸತ್ತಿಲ್ಲ, ಅಂದ ಮೇಲೆ ರಸ್ತೆ ಚೆನ್ನಾಗಿಯೇ ಇದೆ" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರೊಬ್ಬರ ಕೈಕೆಳಗೇ ನಾನು ಕೆಲಸ ಮಾಡಬೇಕಾಗಿ ಬಂತು. ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಜತ್ತ ತಾಲೂಕಿನ ನಮ್ಮ ಕನ್ನಡ ಭಾಗದಲ್ಲಿ, ಉಮದಿಯಿಂದ ಸಂಖದ ಕಡೆ ಬರುವ ಹೆದ್ದಾರಿಯನ್ನು ಅಗಲ ಮಾಡುತ್ತಿದ್ದರು. ಗುತ್ತಿಗೆದಾರರ ಪರವಾಗಿ ಸುರಕ್ಷತೆ ನೋಡಿಕೊಳ್ಳುವ ಎಂಜಿನಿಯರ್ ನಾನು. ಹೆಸರೇನೋ ದೊಡ್ಡದು. ದಿನದ ಕೆಲಸವೆಂದರೆ ಹೆಲ್ಮೆಟ್ಟನ್ನು ತಲೆಗೆ ಹಾಕದೆ ಅದರಲ್ಲಿ ಶೇಂಗಾ ತುಂಬಿಕೊಂಡು ಕೂತವರನ್ನು ಬೈಯುವುದು, ಗಾಡಿಗಳಿಗೆ ದಾರಿ ತೋರಲು ಇಟ್ಟು ಗಾಳಿಗೆ ಉರುಳಿದ ಡ್ರಮ್ಮುಗಳನ್ನು ಎತ್ತಿ ನಿಲ್ಲಿಸುವುದು. ಊರವರು ನನ್ನನ್ನು ಸೇಫ್ಟಿ ಬಾಯಿ, ಅಂದರೆ ಸೇಫ್ಟಿ ಅಮ್ಮ, ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಏನು ಕರೆಯುತ್ತಿದ್ದರೋ, ನಾನು ಕೇಳಲು ಹೋಗಲಿಲ್ಲ.

ಆ ಕೆಲಸ ಶುರುವಾಗುವ ತುದಿಯಲ್ಲಿ ನಿಂತವಳು ನಮ್ಮ ಅಕ್ಕ. ಅಕ್ಕ ಎಂದರೆ ನನ್ನ ದೊಡ್ಡವ್ವನ ಮಗಳು, ಕರಜಗಿಯವಳು. ಹೆದ್ದಾರಿಗೆ ಅಡ್ಡ ಇದ್ದ ಹಳೆಯ ಮೋರಿಯನ್ನು ಕಿತ್ತು ಹೊಸದು ಕಟ್ಟಲು ಅರ್ಧ ರಸ್ತೆ ಅಗೆದಿದ್ದರು. ಹೋಗುವ ಬರುವ ಗಾಡಿಗಳೆಲ್ಲ ಉಳಿದರ್ಧದಲ್ಲೇ ಹಾಯಬೇಕು. ಡ್ರಮ್ಮುಗಳ ಸಾಲು ರಸ್ತೆಯನ್ನು ಕಿರಿದು ಮಾಡಲು ಶುರುವಾಗುವ ಜಾಗದಲ್ಲಿ, ಉಮದಿಯ ಕಡೆಗೆ ಮುಖ ಮಾಡಿ, ಹಳದಿ ಜಾಕೀಟು ತೊಟ್ಟು, ಕೆಂಪು ಬಾವುಟ ಬೀಸುತ್ತ ಅಕ್ಕ ನಿಲ್ಲುತ್ತಿದ್ದಳು. ಗಾಡಿಗಳ ವೇಗ ತಗ್ಗಿಸುವುದು ಅವಳ ಕೆಲಸ. ಕೊಡಿಸಿದವಳು ನಾನೇ.

ಅಕ್ಕನಿಗೆ ಆ ಕೆಲಸದ ಮೇಲೆ ಇದ್ದ ಅಭಿಮಾನ ಹೇಳತೀರದು. "ಮನ್ಯಾಗ ನಾ ಕೂಗಿದ್ರ ಬೆಕ್ಕೂ ನಿಂದ್ರಂಗಿಲ್ಲ. ಇಲ್ಲಿ ಕೈ ಎತ್ತಿದ್ರ ಹನ್ನೆರಡು ಗಾಲಿ ಲಾರಿ ನಿಂದ್ರತಾವ ನೋಡು" ಎನ್ನುತ್ತಿದ್ದಳು. ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಗಾಡಿ ಓಡಿಸುವವರು ತನಗೆ ನಮಸ್ಕಾರ ಮಾಡುತ್ತಾರೆ ಎಂಬುದು. ಡೈರಿಯ ಹಾಲಿನ ಗಾಡಿಯವನು, ಸಾಲಿಯ ಮಕ್ಕಳ ವ್ಯಾನಿನವನು, ದಾಳಿಂಬೆ ಹೇರಿಕೊಂಡು ಹೋಗುವ ಪಿಕಪ್ಪಿನವನು, ಎಲ್ಲರೂ ಅವಳ ಹತ್ತಿರ ಬಂದಾಗ ಕೈ ಎದೆಗೆ ಮುಟ್ಟಿಸಿ ಹಣೆಗೆ ಒತ್ತಿಕೊಳ್ಳುತ್ತಿದ್ದರು. ಅಕ್ಕ ಬಾವುಟದ ಕೈಯಿಂದಲೇ ತಿರುಗಿ ನಮಸ್ಕರಿಸುತ್ತಿದ್ದಳು. ಸಂಜೆ ಮನೆಗೆ ಹೋಗಿ ಇವತ್ತು ಯಾರು ಯಾರು ಕೈ ಮುಗಿದರು ಎಂದು ದೊಡ್ಡವ್ವನಿಗೆ ವರದಿ ಒಪ್ಪಿಸುತ್ತಿದ್ದಳು.

ದೊಡ್ಡವ್ವನಿಗೆ ನಮಸ್ಕಾರದ ವರದಿ ಬೇಕಿರಲಿಲ್ಲ. ನಾನು ಅವರ ಮನೆಯ ಹೊಸ್ತಿಲು ತುಳಿದರೆ ಸಾಕು, "ನನ್ನ ಮಗಳನ್ನ ಲಾರಿ ಮುಂದ ನಿಂದ್ರಿಸಿ ನೀ ತಗಡಿನ ಆಫೀಸಿನ್ಯಾಗ ಫ್ಯಾನ್ ಕೆಳಗ ಕುಂತಿ" ಎಂದು ಶುರು ಮಾಡುತ್ತಿದ್ದಳು. ನಾನು ಕೂಡದೆ ಹೊರಟುಬಿಡುತ್ತಿದ್ದೆ. ಏಕೆಂದರೆ ದೊಡ್ಡವ್ವನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಅಕ್ಕ ಆಗಾಗ ಗಟಾರಕ್ಕೆ ಜಿಗಿಯುತ್ತಿದ್ದಳು. ಸಾಲಿನಲ್ಲಿ ಹಿಂದೆ ಬರುವ ಗಾಡಿ ಕಿರ್ರೆಂದು ಬ್ರೇಕು ಹಾಕಿ ಎಡಕ್ಕೆ ಹೊರಳಿತು ಎಂದರೆ ಬಾವುಟದ ಸಮೇತ ರಸ್ತೆ ಬದಿಯ ಗಟಾರಕ್ಕೆ ಹಾರುವುದು, ಗಾಡಿ ಹೋದ ಮೇಲೆ ಸೀರೆ ಕೊಡವಿಕೊಂಡು ಮೇಲೆ ಬರುವುದು. ಊಟದ ಬುತ್ತಿಯ ಗಂಟನ್ನು ಗಟಾರದ ಆಚೆಯ ದಂಡೆಯ ಮೇಲೇ ಇಟ್ಟಿರುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಜಿಗದ ಮ್ಯಾಲ ಹಸಿವಿ ಭಾಳ ಆಗತದ" ಎಂದು ನಗುತ್ತಿದ್ದಳು. ಊಟದ ಹೊತ್ತಿಗೆ ಬದಲಿಯವನು ಬಂದು ಬಾವುಟ ಹಿಡಿದಾಗಲೂ ಅವಳು ಆಚೆ ದಂಡೆಯಲ್ಲಿ, ರಸ್ತೆಗೆ ಮುಖ ಮಾಡಿಯೇ ಕೂತು ರೊಟ್ಟಿ ಮುರಿಯುತ್ತಿದ್ದಳು. ರಸ್ತೆಗೆ ಬೆನ್ನು ಕೊಟ್ಟು ಅವಳು ಕೂತದ್ದನ್ನು ನಾನು ಕಂಡಿರಲಿಲ್ಲ. ಅಷ್ಟಾದರೂ ಅವಳು ನಗುತ್ತಿದ್ದುದು ನನಗೆ ಸಹಿಸಲಾಗುತ್ತಿರಲಿಲ್ಲ.

ಇದನ್ನು ಸಾಹೇಬರಿಗೆ ಹೇಳಿದೆ. ಸಾಹೇಬರೆಂದರೆ ಕೆಲಸದ ಮ್ಯಾನೇಜರು, ಘಟ್ಟದ ಕಡೆಯ ಮರಾಠಿಯವರು. ಕೆಟ್ಟವರೇನಲ್ಲ, ಆದರೆ ಕಾಗದದ ಮೇಲೆ ಇಲ್ಲದ್ದು ಅವರ ಕಣ್ಣಿಗೂ ಕಾಣುತ್ತಿರಲಿಲ್ಲ. "ಅಪಘಾತ ಆಗಿದೆಯೇ?" ಎಂದು ಕೇಳಿದರು. ಇಲ್ಲ ಎಂದೆ. "ಯಾರಿಗಾದರೂ ಪೆಟ್ಟು?" ಇಲ್ಲ. "ಮತ್ತೆ ನಾನು ಏನೆಂದು ಬರೆಯಲಿ ಮೇಡಂ? ಬಾವುಟದ ಬಾಯಿ ಗಟಾರಕ್ಕೆ ಹಾರುತ್ತಾಳೆ ಎಂದು ಬರೆಯಲೇ?" ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜಾತಿ ಇದು ಎಂದುಕೊಂಡು ಆಚೆ ಬಂದೆ. ಬರುವಾಗ ತಗಡಿನ ಬಾಗಿಲನ್ನು ಬೇಕೆಂದೇ ಜೋರಾಗಿ ಎಳೆದೆ.

ಹಾಲು ಉಕ್ಕಿ ಒಲೆ ಆರಿದ ಮೇಲೆ ನೋಡುವುದಲ್ಲ, ನೊರೆ ಏರುವಾಗಲೇ ನೋಡಬೇಕು. ರಸ್ತೆಯಲ್ಲಿ ನೊರೆ ಎಂದರೆ ಬ್ರೇಕು. ಒಂದು ಅಪಘಾತ ಆಗುವುದಕ್ಕೆ ಮುಂಚೆ ಎಷ್ಟೋ ಗಾಡಿಗಳು ಅದೇ ಜಾಗದಲ್ಲಿ ಗಕ್ಕನೆ ನಿಂತು, ಸ್ವಲ್ಪದರಲ್ಲಿ ಪಾರಾಗಿ ಮುಂದೆ ಹೋಗಿರುತ್ತವೆ. ಅವುಗಳ ಲೆಕ್ಕ ಸಿಕ್ಕರೆ ಸಾವಿಗಾಗಿ ಕಾಯಬೇಕಿಲ್ಲ. ಆ ಲೆಕ್ಕ ನಮ್ಮ ಹಾದಿಯಲ್ಲೇ ಓಡಾಡುತ್ತಿತ್ತು. ಈಗ ಹಾಲಿನ ಗಾಡಿಗೆ, ಸಾಲಿಯ ವ್ಯಾನಿಗೆ, ಹಣ್ಣಿನ ಪಿಕಪ್ಪಿಗೆ ಮಾಲೀಕರು ಒಂದು ಟ್ರ್ಯಾಕರ್ ಡಬ್ಬಿ ಕೂಡಿಸಿರುತ್ತಾರೆ. ಗಾಡಿ ಎಲ್ಲಿದೆ, ಎಷ್ಟು ಜೋರಾಗಿ ಓಡಿತು, ಎಲ್ಲಿ ಗಕ್ಕನೆ ಬ್ರೇಕು ಒತ್ತಿತು, ಎಲ್ಲವನ್ನೂ ಅದು ಮಾಲೀಕನ ಮೊಬೈಲಿಗೆ ಮುಟ್ಟಿಸುತ್ತದೆ. ಡ್ರೈವರುಗಳು ಅದಕ್ಕೆ ಇಟ್ಟ ಹೆಸರು ಚಾಡಿ ಡಬ್ಬಿ.

ನಾನು ಮಾಲೀಕರ ಮನೆಮನೆಗೆ ಹೋದೆ. ಡ್ರೈವರುಗಳು ನನ್ನನ್ನು ಹಾವಿನಂತೆ ನೋಡಿದರು. "ಬಾಯಾರ, ಈ ಚಾಡಿ ಡಬ್ಬಿ ದಿನಾ ಬೈಸ್ತದ, ಈಗ ಅದಕ್ಕ ತಂಗಿ ಆಗಿ ನೀವು ಬಂದ್ರಿ?" ಎಂದು ಒಬ್ಬ ಪಿಕಪ್ಪಿನವನು ಮುಖದ ಮೇಲೇ ಕೇಳಿದ.

"ಗಾಡಿ ನಂಬರ್ ಬ್ಯಾಡ, ನಿಮ್ಮ ಹೆಸರ ಬ್ಯಾಡ" ಎಂದೆ. "ಬ್ರೇಕ್ ಎಲ್ಲಿ ಬಿತ್ತು, ಯಾವತ್ತ ಬಿತ್ತು, ಅಷ್ಟ ಸಾಕು. ತಪ್ಪು ಗಾಡೀದಲ್ಲ, ಹಾದೀದು ಅಂತ ತೋರಸಬೇಕಾಗೇದ."

ಈ ಮಾತು ಅವರಿಗೆ ಹಿಡಿಸಿತು. ತಪ್ಪು ತಮ್ಮದಲ್ಲ ಎಂದು ಯಾರಾದರೂ ತೋರಿಸಿಕೊಡುತ್ತಾರೆಂದರೆ ಯಾರಿಗೆ ಬೇಡ? ಹೀಗೆ ಒಬ್ಬೊಬ್ಬರೇ ಮಾಲೀಕರೂ ಒಪ್ಪಿ, ನನ್ನ ಲ್ಯಾಪ್‌ಟಾಪಿನಲ್ಲಿ ನಮ್ಮ ರಸ್ತೆಯ ನಕಾಶೆ ಕೆಂಪು ಚುಕ್ಕಿಗಳಿಂದ ತುಂಬತೊಡಗಿತು. ಒಂದು ಚುಕ್ಕಿ ಎಂದರೆ ಒಂದು ಗಕ್ಕನೆ ಹಾಕಿದ ಬ್ರೇಕು. ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಇದ್ದವು. ಡ್ರಮ್ಮುಗಳ ಸಾಲು ಶುರುವಾಗುವಲ್ಲಿ ಮಾತ್ರ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿದ್ದವು. ಆ ಬೆಲ್ಲದ ನಟ್ಟನಡುವೆ ನಮ್ಮ ಅಕ್ಕ ನಿಂತಿರುತ್ತಿದ್ದಳು.

ಸಾಹೇಬರು ನಕಾಶೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಕಾರಣ?" ಎಂದರು. ಕಾರಣ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಎಚ್ಚರಿಕೆಯ ಬೋರ್ಡುಗಳು ತೀರ ಹತ್ತಿರ ಇವೆ, ಡ್ರೈವರಿಗೆ ತಡವಾಗಿ ಕಾಣುತ್ತವೆ, ಅದಕ್ಕೇ ಗಕ್ಕನೆ ಬ್ರೇಕು. ಪುಸ್ತಕದಲ್ಲೂ ಹಾಗೇ ಇದೆ. ಸೋಮವಾರ ಚುಕ್ಕಿಗಳು ಹೆಚ್ಚಾಗಿ ಬೀಳುತ್ತಿದ್ದವು. ಅಂದು ಯಾವುದೋ ಊರಿನ ಸಂತೆ ಇರಬೇಕು, ಗಾಡಿ ಹೆಚ್ಚು, ಎಂದು ಅದಕ್ಕೂ ಒಂದು ಕಾರಣ ಹಚ್ಚಿದೆ. ಸಾಹೇಬರು ಒಪ್ಪಿದರು. ನಾನೇ ನಿಂತು ಬೋರ್ಡುಗಳನ್ನು ಕಿತ್ತು ಉಮದಿಯ ಕಡೆಗೆ ಬಹಳ ದೂರ ಸರಿಸಿದೆ. 'ಪುಢೆ ಕಾಮ್ ಚಾಲೂ ಆಹೆ, ವಾಹನೆ ಸಾವಕಾಶ ಚಾಲವಾ' ಎಂದು ಮರಾಠಿಯಲ್ಲಿದ್ದ ಬೋರ್ಡಿನ ಪಕ್ಕ, ಮುಂದೆ ಕೆಲಸ ನಡೆದಿದೆ, ಸಾವಕಾಶ ಹೋಗಿರಿ ಎಂದು ಕನ್ನಡದಲ್ಲೂ ಬರೆಸಿದೆ. ಅಂದು ಅಕ್ಕನ ಮುಂದೆ ಬಹಳ ಬೀಗಿದೆ.

ಹದಿನೈದು ದಿನ ಬಿಟ್ಟು ಹೊಸ ಚುಕ್ಕಿಗಳು ಬಂದವು. ಇರುವೆಗಳು ಬೆಲ್ಲ ಬಿಟ್ಟು ಕದಲಿರಲಿಲ್ಲ.

"ನಿಮ್ಮ ಚುಕ್ಕಿಗಳಿಗೆ ಮರಾಠಿಯೂ ಬರುವುದಿಲ್ಲ, ಕನ್ನಡವೂ ಬರುವುದಿಲ್ಲ ಎಂದಾಯಿತು" ಎಂದು ಸಾಹೇಬರು ಮೀಸೆಯಲ್ಲೇ ನಕ್ಕರು. ಆಮೇಲೆ ಇನ್ನೊಂದು ಮಾತು ಹೇಳಿದರು. ಬರುವ ಅಮಾವಾಸ್ಯೆ ಕಳೆದ ಮೇಲೆ ಆ ಗಟಾರವನ್ನು ಮುಚ್ಚಿ, ಅಲ್ಲಿ ಕಾಂಕ್ರೀಟು ಗೋಡೆ ಏಳಿಸುವುದಿತ್ತು. ಅಂದರೆ ಅಕ್ಕನ ಮುಂದೆ ಗಾಡಿ, ಬೆನ್ನಿಗೆ ಗೋಡೆ. ಜಿಗಿಯಲು ಜಾಗವೇ ಇಲ್ಲ. ಅವಳನ್ನು ಬಿಡಿಸಿದರೆ ಅದೇ ಜಾಗದಲ್ಲಿ ಇನ್ನೊಬ್ಬರ ಅಕ್ಕ ನಿಲ್ಲಬೇಕು. ಅಷ್ಟಕ್ಕೂ ಅಕ್ಕ ಬಿಡುವವಳಲ್ಲ. "ನಾ ಬಿಟ್ರ ಡ್ರೈವರ್ ಮಂದಿಗೆ ಬ್ಯಾಸರ ಆಗತದ, ನಮಸ್ಕಾರ ಯಾರಿಗ ಮಾಡಬೇಕು?" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. "ಆ ನಮಸ್ಕಾರ ತೊಗೊಂಡು ನೀ ಏನ ಮಾಡ್ತಿ?" ಎಂದು ಒದರಿದೆ. ಅವಳು ಬಾವುಟ ಮಡಚಿಕೊಂಡು ಹೋದಳು.

ಮರುದಿನ ಸೋಮವಾರ. ನನ್ನ ಸ್ಕೂಟರು ಪಂಕ್ಚರ್ ಆಗಿತ್ತು. ಉಮದಿಯಲ್ಲಿ ಒಬ್ಬ ಮಾಲೀಕರನ್ನು ಕಾಣುವುದಿತ್ತು, ಅಕ್ಕನೂ ಯಾವುದೋ ಸಾಮಾನಿಗೆಂದು ಅಲ್ಲಿಗೇ ಬಂದಿದ್ದಳು. ಇಬ್ಬರೂ ಮಾತು ಬಿಟ್ಟವರ ಹಾಗೆ ಒಂದೇ ವಡಾಪಿನಲ್ಲಿ, ಅಂದರೆ ನಮ್ಮ ಕಡೆಯ ಆ ಮಂದಿ ತುಂಬಿಕೊಂಡು ಹೋಗುವ ಜೀಪಿನಲ್ಲಿ, ವಾಪಸು ಹೊರಟೆವು. ಡ್ರೈವರ್ ತನ್ನ ಅತ್ತೆಯ ಮನೆಯ ಜಗಳವನ್ನು ಇಡೀ ಜೀಪಿಗೆ ಕೇಳುವಂತೆ ಹೇಳುತ್ತಿದ್ದ. ನನ್ನ ಬೋರ್ಡುಗಳು ಬಂದವು, ಹೋದವು. ಡ್ರೈವರ್ ಅವುಗಳ ಕಡೆ ಕಣ್ಣೂ ಹಾಯಿಸಲಿಲ್ಲ. ಡ್ರಮ್ಮುಗಳ ಸಾಲು ಶುರುವಾಯಿತು. ಅಕ್ಕನ ಜಾಗದಲ್ಲಿ ಬದಲಿಯವನು ಬಾವುಟ ಹಿಡಿದು ನಿಂತಿದ್ದ.

"ಅಯ್ಯ ನಮ್ಮಪ್ಪ, ಮರತಿದ್ನಲ್ಲ!" ಎಂದು ಡ್ರೈವರ್ ಒಮ್ಮೆಲೇ ಬ್ರೇಕು ತುಳಿದ.

ಜೀಪು ಮೂಗು ನೆಲಕ್ಕೆ ತಾಗಿಸುವಂತೆ ಬಾಗಿತು. ಹಿಂದೆ ಹಾಲಿನ ಗಾಡಿ ಕಿರ್ರೆಂದಿತು, ಎಡಕ್ಕೆ ಹೊರಳಿ ಒಂದು ಡ್ರಮ್ಮನ್ನು ಹಾರಿಸಿತು. ಬದಲಿಯವನು ಗಟಾರದಲ್ಲಿದ್ದ. ಯಾರಿಗೂ ಏನೂ ಆಗಲಿಲ್ಲ. ಆದರೆ ನಾನು ನೋಡಿದ್ದು ಅದನ್ನಲ್ಲ. ಜೀಪಿನಲ್ಲಿದ್ದವರ ಕೈಗಳೆಲ್ಲ ಎದೆಯ ಮೇಲಿದ್ದವು. ಅಕ್ಕನ ಕೈ ಅವಳ ಎದೆಯ ಮೇಲಿತ್ತು. ನನ್ನ ಕೈಯೂ ನನ್ನ ಎದೆಯ ಮೇಲೇ ಇತ್ತು. ಹೊರಗೆ ನೋಡಿದರೆ ಅಗೆದ ಮಣ್ಣಿನ ಗುಡ್ಡೆಯ ಹೊರತು ಏನೂ ಇಲ್ಲ.

ರಸ್ತೆ ಅಗೆಯುವ ಮುಂಚೆ ಅಲ್ಲಿ ಹಾದಿ ಬಸವಣ್ಣ ಇದ್ದ. ದೊಡ್ಡ ಬೇವಿನ ಮರ, ಅದರ ಬುಡದಲ್ಲಿ ಕಟ್ಟೆ, ಕಟ್ಟೆಯ ಮೇಲೆ ಕಪ್ಪು ಕಲ್ಲಿನ ಬಸವಣ್ಣ. ನಮ್ಮ ಭಾಗದಲ್ಲಿ ಆ ಹಾದಿ ಹಿಡಿದವರು ಅಲ್ಲಿ ಗಾಡಿ ನಿಧಾನ ಮಾಡಿ, ಕೈ ಎದೆಗೆ ಮುಟ್ಟಿಸಿಯೇ ಮುಂದೆ ಹೋಗುವುದು. ಎತ್ತಿನ ಬಂಡಿಯ ಕಾಲದಿಂದಲೂ ಹಾಗೇ. ಸೋಮವಾರ, ಅಮಾವಾಸ್ಯೆ ಬಂತೆಂದರೆ ಮನೆಯಲ್ಲಿ ಮಲಗಿದವರೂ ನೆನೆಯುತ್ತಾರೆ. ರಸ್ತೆ ಅಗಲ ಮಾಡುವಾಗ ಮರ ಕಡಿದು, ಬಸವಣ್ಣನನ್ನು ವಾದ್ಯ ಸಮೇತ ಎಬ್ಬಿಸಿ, ಜೋಳದ ಹೊಲಗಳ ಆಚೆ ಕಟ್ಟಿದ ಹೊಸ ಗುಡಿಯಲ್ಲಿ ಕೂಡಿಸಿದ್ದರು. ಬಸವಣ್ಣ ಎದ್ದು ಹೋಗಿದ್ದ, ನಮಸ್ಕಾರ ಮಾತ್ರ ಅಲ್ಲೇ ಕುಂತಿತ್ತು.

ಮೊದಲು ಬೇವಿನ ಮರ ಬಹಳ ದೂರದಿಂದಲೇ ಕಾಣುತ್ತಿತ್ತು. ಕಂಡ ಕೂಡಲೇ ಡ್ರೈವರನ ಕಾಲು ತಾನಾಗಿ ಸಡಿಲವಾಗುತ್ತಿತ್ತು, ಗಾಡಿ ಮೆಲ್ಲಗೆ ಇಳಿದು ಬರುತ್ತಿತ್ತು. ಈಗ ಮರವಿಲ್ಲ. ಜಾಗ ಕಾಲಡಿಗೆ ಬಂದ ಮೇಲೆಯೇ ನೆನಪು, ನೆನಪಾದ ಕೂಡಲೇ ಗಕ್ಕನೆ ಬ್ರೇಕು. ಹಿಂದಿನವನಿಗೆ ಬಲಕ್ಕೆ ಹೋಗಲು ಎದುರಿನ ಗಾಡಿ ಬಿಡುವುದಿಲ್ಲ, ಎಡಕ್ಕೆ ಹೊರಳಿದರೆ ಅಕ್ಕ. ಯಾವ ಬೋರ್ಡಿಗೆ ಸೋಮವಾರ ಗೊತ್ತು? ಸೋಮವಾರದ ಚುಕ್ಕಿಗಳನ್ನು ಕಣ್ಣೆದುರು ಇಟ್ಟುಕೊಂಡು ನಾನು ಸಂತೆಯನ್ನು ಹುಡುಕುತ್ತ ಹೋಗಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ತಿರುಗಿದವಳು ನಾನೇ. ಆ ಜೀಪಿನಲ್ಲಿ, ಬೈಗುಳ, ಹಾರ್ನುಗಳ ನಡುವೆ, ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಮುದುಕಿ ದೂರ ಸರಿದು ಕೂತಳು.

ಅಕ್ಕ ನಗಲಿಲ್ಲ. ಎದೆಯ ಮೇಲಿನ ತನ್ನ ಕೈಯನ್ನೇ ನೋಡುತ್ತಿದ್ದಳು. "ಅಂದ್ರ ಇಷ್ಟ ದಿನಾ ಬಸಣ್ಣನ ನಮಸ್ಕಾರ ನಾ ಹೊಡಕೊಂಡೆ?" ಎಂದಳು. ಅವಳ ಮುಖ ಇಳಿದುಹೋಗಿತ್ತು. ಲಾರಿಗೆ ಅಂಜದ ಹೆಂಗಸು ಇದಕ್ಕೆ ಅಳುವ ಹಾಗಾಗಿದ್ದಳು.

ಸಾಹೇಬರಿಗೆ ಇದನ್ನೆಲ್ಲ ಹೇಳಿದಾಗ ಅವರು ತಕ್ಷಣ, "ಇಲ್ಲಿ ನಮಸ್ಕಾರ ಮಾಡಬಾರದು ಎಂದು ಬೋರ್ಡು ಹಾಕಿಸಿ" ಎಂದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನ ಕಡೆ ತಿರುಗಿ, "ಹಾಕಸು. ಮೊದಲ ನಿನ್ನ ಕೈ ಕಟ್ಟಿ ಹಾಕ್ಕೊ" ಎಂದಳು. ಸರಿಯೇ ಇತ್ತು. ಓದಿದವಳ ಕೈಯೇ ನಿಲ್ಲಲಿಲ್ಲ, ಇನ್ನು ಬೋರ್ಡು ಯಾರ ಕೈ ಹಿಡಿದೀತು? ನಮಸ್ಕಾರ ನಿಲ್ಲಿಸುವ ಮಾತು ಬಿಡಬೇಕು. ಅದನ್ನು ಜಾಗ ಬದಲಿಸಿ ಕೂಡಿಸಬೇಕು. ಡ್ರಮ್ಮು, ಬೋರ್ಡು ಎಲ್ಲಕ್ಕಿಂತ ಮುಂಚೆ, ಗಾಡಿ ನಿಧಾನ ಆಗಬೇಕಾದ ಜಾಗದಲ್ಲೇ ಬಸವಣ್ಣ ಸಿಕ್ಕರೆ? ಸಣ್ಣವಳಿದ್ದಾಗ ಅಮ್ಮನ ತವರಿನಲ್ಲಿ ಕಂಡದ್ದು ನೆನಪಾಯಿತು. ದೇವರ ಗುಡಿ ಗುಡ್ಡದ ಮೇಲೆ, ಹತ್ತಲಾರದವರಿಗೆ ಕೆಳಗೆ ಹಾದಿಯಲ್ಲೇ ಒಂದು ಪಾದಗಟ್ಟಿ. ಸಣ್ಣ ಕಟ್ಟೆ, ಮೇಲೆ ಪಾದದ ಗುರುತಿನ ಕಲ್ಲು. ಅಲ್ಲಿ ಕೈ ಮುಗಿದರೆ ಮೇಲೆ ಮುಟ್ಟಿತು ಎಂದೇ ಲೆಕ್ಕ.

ಸಾಹೇಬರನ್ನೂ ಕರೆದುಕೊಂಡು ಹೊಸ ಗುಡಿಗೆ, ಹಾದಿ ಬಸವಣ್ಣನ ಪೂಜೆ ಮಾಡುವ ಅಜ್ಜನ ಹತ್ತಿರ ಹೋದೆವು. ಅಜ್ಜನಿಗೆ ರಸ್ತೆಯವರೆಂದರೆ ಆಗುತ್ತಿರಲಿಲ್ಲ. "ಹಾದಿ ಬಸಣ್ಣನ್ನ ಹೊಲದಾಗ ಒಯ್ದು ಕುಂದ್ರಿಸೀರಿ. ಹಾದೀನ ಇಲ್ಲದಲ್ಲೆ ಅಂವಾ ಯಾರನ್ನ ಕಾಯಬೇಕ್ರಿ?" ಎಂದು ಸಾಹೇಬರ ಕಡೆ ನೋಡದೆ ನನ್ನನ್ನೇ ಕೇಳಿದ. ನಾನು ಲ್ಯಾಪ್‌ಟಾಪ್ ತೆರೆದು ಚುಕ್ಕಿಗಳನ್ನು ತೋರಿಸಿದೆ. ಇವು ಸೋಮವಾರದವು, ಇವು ಅಮಾವಾಸ್ಯೆಯವು, ಮಂದಿ ಬಸವಣ್ಣನನ್ನು ಇನ್ನೂ ಮರೆತಿಲ್ಲ ಎಂದೆ. ಅಜ್ಜ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಅವನ ದನಿ ಮೆತ್ತಗಾಯಿತು. "ಇಷ್ಟ ಮಂದಿ ನೆನಸ್ತಾರೇನ ಯವ್ವಾ?" ಎಂದ.

"ನೆನಸ್ತಾರ ಅಜ್ಜಾರ. ಆದ್ರ ನೆನಸೂ ಜಾಗಾದಾಗ ನಮ್ಮ ಅಕ್ಕ ಸಾಯ್ತಾಳ" ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಅದುವರೆಗೆ ಅದನ್ನು ನಾನು ಯಾರ ಎದುರಿಗೂ ಹಾಗೆ ಬಿಚ್ಚಿ ಹೇಳಿರಲಿಲ್ಲ. ಅಕ್ಕ ನನ್ನ ಸೆರಗು ಹಿಡಿದು ಜಗ್ಗಿದಳು.

ಪಾದಗಟ್ಟಿಗೆ ಅಜ್ಜ ಒಪ್ಪಿದ, ಆದರೆ ಬಸವಣ್ಣನೂ ಒಪ್ಪಬೇಕು ಎಂದ. ನೀರಲ್ಲಿ ಅದ್ದಿದ ಎರಡು ಕಣಗಲ ಹೂಗಳನ್ನು ಬಸವಣ್ಣನ ಎಡ ಬಲ ಭುಜಕ್ಕೆ ಹಚ್ಚಿದ. ಬಲದ್ದು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಸಾಹೇಬರು ನಿಯಮ, ನಕಾಶೆ, ರಸ್ತೆ ಬದಿಗೆ ಏನೂ ಕಟ್ಟುವಂತಿಲ್ಲ ಎಂದು ಹೇಳಲೆಂದೇ ಬಂದವರು. ಹೂ ಹಚ್ಚಿದ್ದನ್ನು ಕಂಡು, "ಕೌಲ?" ಎಂದು ಮರಾಠಿಯಲ್ಲಿ ಪಿಸುಗುಟ್ಟಿ, ಬೂಟು ಕಳಚಿ ಬದಿಗಿಟ್ಟರು. ಅವರ ತಾಯಿ ಹೀಗೆ ದೇವರ ಕೌಲ, ಅಂದರೆ ಅಪ್ಪಣೆ, ಕೇಳದೆ ಮನೆಗೆ ಎಮ್ಮೆಯನ್ನೂ ತರುವುದಿಲ್ಲವಂತೆ. ಹೂ ಬೀಳಲಿಲ್ಲ. ಗಾಳಿ ಬೀಸಿತು, ಆಗಲೂ ಬೀಳಲಿಲ್ಲ. ಅಂಕಿ ಅಂಶದ ಮೇಲೆ ಬದುಕುವ ನಾನು ಒಂದು ಕಣಗಲ ಹೂವಿಗಾಗಿ ಉಸಿರು ಹಿಡಿದು ಕೂತಿದ್ದೆ. ಆಮೇಲೆ ಬಲಗಡೆಯದು ಮೆಲ್ಲಗೆ ಜಾರಿ ಅಜ್ಜನ ಅಂಗೈಗೆ ಬಂತು. ಅಕ್ಕ "ಬಿತ್ತು!" ಎಂದು ಕೂಗಿದ ಕೂಗಿಗೆ ಹೊಲದ ಹಕ್ಕಿಗಳೆಲ್ಲ ಎದ್ದವು.

ಅಲ್ಲಿಂದ ಸಾಹೇಬರು ಬೇರೆಯೇ ಮನುಷ್ಯ. ಟೇಪು ಹಿಡಿದು ಜಾಗ ಅಳೆದವರು ಅವರೇ. ಸರ್ಕಾರದ ಜಾಗ ಬೇಡ ಎಂದು ಅಜ್ಜನ ಅಣ್ಣನ ಮಗ ತನ್ನ ಹೊಲದ ಬದುವನ್ನು ಬಿಟ್ಟುಕೊಟ್ಟ. ಮೊದಲ ಬೋರ್ಡಿಗಿಂತಲೂ ಹಿಂದೆ, ಉಮದಿಯ ಕಡೆಗೆ ಕಟ್ಟೆ ಎದ್ದಿತು. ಮೇಲೆ ಬಸವಣ್ಣನ ಗೊರಸಿನ ಗುರುತು ಕೊರೆದ ಕಲ್ಲು. ಪಕ್ಕದಲ್ಲಿ ಗರಸು ಮಣ್ಣು ಹಾಸಿ, ಒಂದು ಬಸ್ಸು ಆರಾಮಾಗಿ ರಸ್ತೆ ಬಿಟ್ಟು ನಿಲ್ಲುವಷ್ಟು ಜಾಗ ಮಾಡಿಸಿದರು. ಮರ ಹೋಗಿದ್ದಕ್ಕೆ ಬದಲು ನಾನು ಒಂದು ಎತ್ತರದ ಬಿದಿರು ನಿಲ್ಲಿಸಿ, ದೂರದಿಂದಲೇ ಕಾಣುವಂತೆ ಪತಾಕೆ ಕಟ್ಟಿಸಿದೆ. ಸುದ್ದಿ ಮುಟ್ಟಿಸುವ ಕೆಲಸ ಅಜ್ಜನದು. ಉಮದಿಯ ಗಾಡಿ ನಿಲ್ಲುವ ಜಾಗದಲ್ಲಿ ನಿಂತು, "ಬಸಣ್ಣ ಮುಂದ ಬಂದಾನ, ಇನ್ನ ಮ್ಯಾಲ ಪಾದಗಟ್ಟಿಗೇ ಕೈ ಮುಗೀರಿ" ಎಂದು ಹೇಳಿ ಬಂದ. ಸಂಜೆಯೊಳಗೆ ಅದು ಡ್ರೈವರುಗಳ ಮೊಬೈಲುಗಳಲ್ಲೆಲ್ಲ ಹರಿದಾಡಿತು.

"ಅಮಾವಾಸ್ಯೆ ನೋಡೋಣ" ಎಂದರು ಸಾಹೇಬರು. "ಅಂದು ದಾಟಿದರೆ ಇದು ಉಳಿಯಲಿ, ಗೋಡೆಯನ್ನೂ ಧೈರ್ಯವಾಗಿ ಕಟ್ಟೋಣ. ಇಲ್ಲದಿದ್ದರೆ ಬಾವುಟದವರನ್ನೇ ಅಲ್ಲಿಂದ ತೆಗೆಯುತ್ತೇನೆ." ಬಾವುಟದವರನ್ನು ತೆಗೆದರೆ ಅಕ್ಕನ ಜೀವ ಉಳಿಯುತ್ತದೆ, ಅಕ್ಕ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಮಾವಾಸ್ಯೆಯ ದಿನ ಬ್ರೇಕು ಬಿದ್ದ ಕೂಡಲೇ ಚುಕ್ಕಿ ನನಗೆ ಕಾಣುವಂತೆ ಮಾಲೀಕರಿಂದ ವ್ಯವಸ್ಥೆ ಮಾಡಿಸಿದ್ದೆ. ಬೆಳಿಗ್ಗೆ ನಾನು ತಗಡಿನ ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಕೊಂಡ ಗಾಡಿಗಳು ಒಂದರ ಹಿಂದೆ ಒಂದು ಬರತೊಡಗಿದವು. ದೂರದಲ್ಲಿ ಪಾದಗಟ್ಟಿಯ ಹತ್ತಿರ ಬದಿಗೆ ಸರಿಯುತ್ತಿದ್ದವು, ತೆಂಗಿನಕಾಯಿ ಒಡೆಯುತ್ತಿದ್ದವು. ನಿಲ್ಲದೆ ಬಂದವು ಪತಾಕೆ ಕಂಡಲ್ಲಿಂದಲೇ ನಿಧಾನವಾಗುತ್ತಿದ್ದವು. ಅವುಗಳ ಹಿಂದೆ ಸಿಕ್ಕ ಪರವೂರಿನ ಲಾರಿಗಳಿಗೂ ನಿಧಾನವಾಗದೆ ಗತಿ ಇರಲಿಲ್ಲ. ಹಾಗೇ ಎತ್ತಿನ ಸಾಲಿನಂತೆ ಡ್ರಮ್ಮುಗಳ ನಡುವೆ ಹಾಯ್ದು ಹೋಗುತ್ತಿದ್ದವು. ನಕಾಶೆಯಲ್ಲಿ ಅಕ್ಕ ನಿಂತ ಜಾಗ ಬರಿದಾಗಿತ್ತು. ಹೊತ್ತು ಏರಿತು, ಆಗಲೂ ಬರಿದು. ನಾನು ಕುರ್ಚಿಯಿಂದ ಏಳುವುದು, ಕೂಡುವುದು, ಮತ್ತೆ ಏಳುವುದು.

ಮಧ್ಯಾಹ್ನದ ಹೊತ್ತಿಗೆ ಒಂದು ಕೆಂಪು ಚುಕ್ಕಿ ಟಪ್ಪನೆ ಬಿತ್ತು. ಅಕ್ಕನ ಜಾಗದಲ್ಲೇ. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದೆ. ಅಕ್ಕ ನೆಟ್ಟಗೆ ನಿಂತಿದ್ದಳು. ಅವಳ ಮುಂದೆ, ಬಾವುಟಕ್ಕೆ ಅಡ್ಡವಾಗಿ ನಿಂತಿದ್ದು ಸಾಹೇಬರ ಜೀಪು. ಅದಕ್ಕೂ ಚಾಡಿ ಡಬ್ಬಿ ಕೂಡಿಸಿದ್ದರು. ಪಾದಗಟ್ಟಿಯ ಗದ್ದಲ ನೋಡಿದ ಖುಷಿಯಲ್ಲಿ ಬಾವುಟ ಎತ್ತಿದ್ದನ್ನೇ ನೋಡದೆ ಬಂದು ಬ್ರೇಕು ತುಳಿದಿದ್ದರು. ಅಕ್ಕ ಸೊಂಟದ ಮೇಲೆ ಕೈ ಇಟ್ಟು, "ಸಾಹೇಬ, ಸಾವಕಾಶ!" ಎಂದು ಮರಾಠಿಯಲ್ಲೇ ಗದರಿದಳು. ಸಾಹೇಬರು ಕಿವಿ ಹಿಡಿದುಕೊಂಡರು. ಆ ದಿನದ ಚುಕ್ಕಿ ಅದೊಂದೇ. ಇವತ್ತಿಗೂ ಅದನ್ನು ಅವರಿಗೆ ನೆನಪಿಸದೆ ನಾನು ಬಿಡುವುದಿಲ್ಲ. ನಾನು ಗೆದ್ದಿದ್ದೆ. ಕುಣಿಯಬೇಕೆನ್ನಿಸಿತು, ಬರಿಗಾಲಿಗೆ ಡಾಂಬರು ಸುಡುತ್ತಿದ್ದುದರಿಂದ ತಾನಾಗಿಯೇ ಕುಣಿದೆ.

ಬದಲಿಯವನು ಬಂದ. ಅಕ್ಕ ಗಟಾರ ದಾಟಿ ಬುತ್ತಿ ಎತ್ತಿಕೊಂಡು ಈಚೆಗೆ ಬಂದಳು. ಡ್ರಮ್ಮಿನ ಮರೆಗೆ, ರಸ್ತೆಗೆ ಬೆನ್ನು ಮಾಡಿ ಕೂತು ಗಂಟು ಬಿಚ್ಚಿದಳು. ಬೆನ್ನ ಹಿಂದೆ ಲಾರಿಗಳು ಹಾಯುತ್ತಿದ್ದವು, ಅವಳು ತಿರುಗಿಯೂ ನೋಡಲಿಲ್ಲ. "ಕುಂದ್ರು, ಉಣ್ಣು. ಏನ ಹಂಗ ನೋಡತಿ?" ಎಂದು ರೊಟ್ಟಿ, ಪುಂಡಿಪಲ್ಯ ನನ್ನ ಅಂಗೈಗೆ ಹಾಕಿದಳು. ಕಣ್ಣಿಗೆ ನೀರು ಬಂತು, ಪಲ್ಯ ಖಾರ ಎಂದೆ. "ಸುಳ್ಳ ಹೇಳಬ್ಯಾಡ, ಇದ್ರಾಗ ಖಾರ ಎಲ್ಲೇದ?" ಎಂದಳು.

ಉಂಡು ಎದ್ದು ಮತ್ತೆ ಬಾವುಟ ಹಿಡಿದಾಗ ಅವಳ ಮುಖ ಸ್ವಲ್ಪ ಸಪ್ಪಗಿತ್ತು. ಯಾಕೆಂದು ನನಗೆ ಗೊತ್ತಿತ್ತು. ಈಗ ನಮಸ್ಕಾರಗಳೆಲ್ಲ ಪಾದಗಟ್ಟಿಯಲ್ಲೇ ಮುಗಿದುಹೋಗುತ್ತಿದ್ದವು, ಅವಳ ತನಕ ಬರುತ್ತಿರಲಿಲ್ಲ. ಬೆಳಗಿನಿಂದ ಒಬ್ಬನೂ ಕೈ ಎತ್ತಿರಲಿಲ್ಲ. ಆಗ ಡೈರಿಯ ಹಾಲಿನ ಗಾಡಿ ಬಂತು, ಆ ಸೋಮವಾರ ಡ್ರಮ್ಮು ಹಾರಿಸಿದ್ದ ಅದೇ ಗಾಡಿ. ಪತಾಕೆಯ ಹತ್ತಿರವೇ ನಿಧಾನವಾಗಿ, ಮೆಲ್ಲಗೆ ಉರುಳುತ್ತ ಅಕ್ಕನ ಎದುರಿಗೆ ಬಂದಾಗ ಡ್ರೈವರ್ ಕಿಟಕಿಯಿಂದ ಮುಖ ಹೊರಗೆ ಹಾಕಿ, ಕೈ ಎದೆಗೆ ಮುಟ್ಟಿಸಿ ಹಣೆಗೆ ಒತ್ತಿಕೊಂಡ.

ಅಕ್ಕ ತನ್ನ ಬೆನ್ನ ಹಿಂದಿನ ಅಗೆದ ಮಣ್ಣನ್ನು ನೋಡಿದಳು, ದೂರದ ಪತಾಕೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಬಸಣ್ಣ ಅಲ್ಲೇ ಹಿಂದ ಉಳದಾನ" ಎಂದಳು. "ಇದು ನಂದ."

ಬಾವುಟವನ್ನು ಎಡಗೈಗೆ ದಾಟಿಸಿ, ಬಲಗೈ ಎತ್ತಿ, ಗಾಡಿ ಮೋರಿ ದಾಟುವ ತನಕ ಹಾಗೇ ನಿಂತಳು.